ಹಾಡು ನಮ್ಮದು, ಪಂಕ್ತಿ ಯಾರದು?



‘ಸೃಜನಶೀಲ ಆರಾಧನೆ’ ಎಂಬ ಮಾತು ನಮ್ಮ ಸಭೆಗಳಲ್ಲಿ ಈಗ ಬಹು ಪ್ರಚಲಿತವಾಗಿದೆ. ಯುವಜನ ಕೂಟದ ಆಮಂತ್ರಣ ಪತ್ರಿಕೆಯಲ್ಲಿ ಅದು ಅಚ್ಚಾಗಿರುತ್ತದೆ. ಸಭಾಸಮಿತಿಯಲ್ಲಿ ಅದರ ಹೆಸರಿನಲ್ಲಿ ಹಣ ಮಂಜೂರಾಗುತ್ತದೆ. ಆ ಹಣದಿಂದ ಕೊಂಡದ್ದೇನು ಎಂದು ವಿಚಾರಿಸಿದರೆ ಪಟ್ಟಿ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ: ಒಂದು ಕೀಬೋರ್ಡು, ಒಂದು ಜೊತೆ ಡ್ರಮ್ಸು, ಎರಡು ದೊಡ್ಡ ಧ್ವನಿಪೆಟ್ಟಿಗೆಗಳು, ಗೋಡೆಯ ಮೇಲೆ ಹಾಡಿನ ಸಾಲುಗಳನ್ನು ಮೂಡಿಸುವ ಪ್ರೊಜೆಕ್ಟರು. ಇನ್ನೊಂದು ಕಡೆ ಇದನ್ನೆಲ್ಲ ಕಂಡು ಮುಖ ಸಿಂಡರಿಸುವ ಹಿರಿಯರಿದ್ದಾರೆ. ಅಜ್ಜನ ಕಾಲದ ಸಂಗೀತ ಪುಸ್ತಕದಲ್ಲಿ ಇಲ್ಲದ್ದು ಆರಾಧನೆಯೇ ಅಲ್ಲ ಎಂಬುದು ಅವರ ವಾದ. ಈ ಎರಡು ಪಕ್ಷಗಳ ಹಗ್ಗಜಗ್ಗಾಟದಲ್ಲಿ ನಮ್ಮ ಭಾನುವಾರಗಳು ಕಳೆದುಹೋಗುತ್ತಿವೆ.

ಈ ಜಗಳ ತಪ್ಪು ಜಾಗದಲ್ಲಿ ನಡೆಯುತ್ತಿದೆ. ವಾದ್ಯ ಯಾವುದು, ಧಾಟಿ ಯಾವುದು ಎಂದು ಕೇಳುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತಿಲ್ಲ: ಈ ಆರಾಧನೆಯಲ್ಲಿ ಕೂಡಿದವರು ಆರಾಧನೆ ಮುಗಿದ ಮೇಲೆ ಒಬ್ಬರಿಗೊಬ್ಬರು ಏನಾಗುತ್ತಾರೆ? ಹಾಡುವವನ ಪಕ್ಕದಲ್ಲಿ ನಿಂತವಳ ಹೆಸರು ಅವನಿಗೆ ತಿಳಿದಿದೆಯೇ? ಅವಳ ಮನೆಯಲ್ಲಿ ಅವನು ಒಂದು ಲೋಟ ನೀರು ಕುಡಿದಿದ್ದಾನೆಯೇ? ಸಮುದಾಯವಿಲ್ಲದ ಕಡೆ ಸೃಜನಶೀಲ ಆರಾಧನೆ ಎಂಬುದು ಬರಿಯ ಕಾರ್ಯಕ್ರಮ. ಹಳೆಯ ಆರಾಧನೆಯೂ ಅಲ್ಲಿ ಬರಿಯ ಅಭ್ಯಾಸ. ಹಾಡು ನಮ್ಮದಾಗಬೇಕು, ಪಂಕ್ತಿ ಎಲ್ಲರದಾಗಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ನಮ್ಮ ಕೈಯಲ್ಲಿ ಉಳಿಯುವುದು ಅರ್ಧ ಸುವಾರ್ತೆ.

ಈ ವಾದಕ್ಕೆ ಸಾಕ್ಷಿಯಾಗಿ ಲೂಥರನ್ ಪರಂಪರೆಯನ್ನು ನಿಮ್ಮ ಮುಂದಿಡುತ್ತೇನೆ. ತುಮಕೂರಿನವರಾದ ನಮಗೂ ಜರ್ಮನಿಯ ಲೂಥರರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆಂಧ್ರ, ತಮಿಳುನಾಡು, ಜಾರ್ಖಂಡ್‌ಗಳಿಗೆ ಹೋಲಿಸಿದರೆ ಕರ್ನಾಟಕದಲ್ಲಿ ಲೂಥರನ್ ಎಂಬ ಹೆಸರು ಹೊತ್ತ ಸಭೆಗಳು ಬಹಳ ಕಡಿಮೆ, ನಿಜ. ಆದರೂ ಸಂಬಂಧವಿದೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಚಿಕ್ಕ ಕೂಟವೊಂದರಲ್ಲಿ, ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರರು ಬರೆದ ಮುನ್ನುಡಿಯನ್ನು ಓದುವುದನ್ನು ಕೇಳುತ್ತಿದ್ದಾಗ ಜಾನ್ ವೆಸ್ಲಿಯವರ ಜೀವನ ತಿರುವು ಪಡೆಯಿತು. ಆ ವೆಸ್ಲಿಯವರ ಪರಂಪರೆಯ ಮಿಷನರಿಗಳು 1830ರ ದಶಕದ ಕೊನೆಗೆ ನಮ್ಮ ಗುಬ್ಬಿಯಲ್ಲಿ ನೆಲೆ ಮಾಡಿಕೊಂಡರು. ಅವರಲ್ಲೊಬ್ಬರಾದ ವಿಲಿಯಂ ಆರ್ಥರರು ಮೈಸೂರು ಸೀಮೆಯ ಸೇವೆಯ ಬಗ್ಗೆ 1847ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇತ್ತ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಧಾರೆಗಳು ಕೂಡಿದ್ದವು. ಅದರ ಬಹುಪಾಲು ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯೊಳಗೆ ಸೇರಿಕೊಂಡವು. ಹೀಗಾಗಿ ಕರ್ನಾಟಕದ ಅನೇಕ ಪ್ರಾಟೆಸ್ಟೆಂಟ್ ಕುಟುಂಬಗಳ ಬಾವಿಯಲ್ಲಿ ಆ ಊಟೆಯ ನೀರೂ ಇದೆ.

ಆ ಊಟೆಯ ಮೂಲಕ್ಕೆ ಹೋಗೋಣ. ಸ್ಯಾಕ್ಸನಿ ಪ್ರಾಂತ್ಯದಲ್ಲಿ ಲೈಸ್ನಿಗ್ ಎಂಬ ಚಿಕ್ಕ ಊರು. ಅಲ್ಲಿಯ ಸಭೆಯವರು ಲೂಥರರ ಸಲಹೆ ಬೇಡಿದರು; 1523ರಲ್ಲಿ ಎರಡು ಬರಹಗಳು ಹೊರಬಂದವು. ಒಂದು, ಸಭೆಯಲ್ಲಿ ಆರಾಧನೆ ಹೇಗೆ ನಡೆಯಬೇಕು ಎಂಬ ಕಿರುಹೊತ್ತಗೆ. ಇನ್ನೊಂದು, ಸಭೆಯ ಸಾಮೂಹಿಕ ಪೆಟ್ಟಿಗೆಯ ನಿಬಂಧನೆ. ಅದಕ್ಕೆ ಲೂಥರರೇ ಮುನ್ನುಡಿ ಬರೆದರು. ಆ ಪೆಟ್ಟಿಗೆಯ ವ್ಯವಸ್ಥೆಯನ್ನು ಸ್ವಲ್ಪ ಗಮನಿಸಿ. ಅದಕ್ಕೆ ನಾಲ್ಕು ಬೀಗಗಳು. ಶ್ರೀಮಂತ ಕುಲದವರು, ನಗರಸಭೆಯವರು, ಪೇಟೆಯ ಸಾಮಾನ್ಯ ಜನ, ಹಳ್ಳಿಯ ರೈತರು, ಈ ನಾಲ್ಕು ವರ್ಗದವರ ಬಳಿ ಒಂದೊಂದು ಬೀಗದ ಕೈ. ಮೇಲ್ವಿಚಾರಣೆಗೆ ಹತ್ತು ಮಂದಿ. ಅವರಲ್ಲಿ ಮೂವರು ಹಳ್ಳಿಯ ರೈತರು. ಸಭಾಪಾಲಕರ ಜೀವನ, ಮಕ್ಕಳ ಶಾಲೆ, ಅನಾಥರು, ಮುದುಕರು, ಕೈಸೋತ ಬಡವರು, ಎಲ್ಲರ ಪೋಷಣೆಯೂ ಆ ಪೆಟ್ಟಿಗೆಯಿಂದಲೇ ನಡೆಯಬೇಕೆಂಬುದು ನಿಯಮ. ಇದು ಸುಲಭವಾಗಿ ನಡೆಯಲಿಲ್ಲ. ನಗರಸಭೆಯವರು ತಮ್ಮ ವಶದಲ್ಲಿದ್ದ ಹಣವನ್ನು ಬಿಟ್ಟುಕೊಡಲು ತಕರಾರು ಮಾಡಿದರು. ಹಣದ ಬೀಗದ ಕೈಯನ್ನು ಬಡವನೊಡನೆ ಹಂಚಿಕೊಳ್ಳುವುದು ಹೊಸ ರಾಗ ಕಲಿಯುವುದಕ್ಕಿಂತ ಕಷ್ಟ ಎಂಬುದು ಆಗಲೇ ಗೊತ್ತಾಗಿತ್ತು.

ಒಂದೇ ಊರು, ಒಂದೇ ವರ್ಷ, ಎರಡು ಬರಹ. ಆರಾಧನೆಯ ಸುಧಾರಣೆ ಮತ್ತು ಅನ್ನದ ಸುಧಾರಣೆ ಅವಳಿಗಳಂತೆ ಹುಟ್ಟಿದವು. ಮರುವರ್ಷ, 1524ರಲ್ಲಿ, ಕೇವಲ ಎಂಟು ಗೀತೆಗಳ ಒಂದು ಕಿರುಪುಸ್ತಕ ಜನರ ಕೈಸೇರಿತು. ಅವುಗಳಲ್ಲಿ ನಾಲ್ಕು ಲೂಥರರವು. 1526ರಲ್ಲಿ ಜನಭಾಷೆಯಾದ ಜರ್ಮನ್‌ನಲ್ಲಿ ಪೂರ್ಣ ಆರಾಧನಾ ಕ್ರಮ ಬಂತು. ಅದುವರೆಗೆ ಗಾಯಕವೃಂದದ ಲತೀನ್ ಹಾಡಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ ಚಮ್ಮಾರ, ನೇಕಾರ, ಒಕ್ಕಲಗಿತ್ತಿ ಇವರೆಲ್ಲ ಬಾಯಿ ತೆರೆದು ಹಾಡಿದರು. ಆ ಕ್ರಮಕ್ಕೆ ಬರೆದ ಮುನ್ನುಡಿಯಲ್ಲಿ ಲೂಥರರು, ಇದನ್ನು ಯಾರ ಮನಸ್ಸಾಕ್ಷಿಯನ್ನೂ ಕಟ್ಟಿಹಾಕುವ ಕಾನೂನಾಗಿ ಮಾಡಬೇಡಿ ಎಂಬ ಆಶಯವನ್ನು ಸ್ಪಷ್ಟಪಡಿಸಿದರು. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ ಏಳನೆಯ ವಿಧಿಯ ಸಾರವೂ ಇದೇ: ಸುವಾರ್ತೆಯ ಬೋಧನೆಯಲ್ಲಿ, ಸಂಸ್ಕಾರಗಳ ಆಚರಣೆಯಲ್ಲಿ ಒಮ್ಮತವಿದ್ದರೆ ಸಭೆಯ ಐಕ್ಯಕ್ಕೆ ಅಷ್ಟು ಸಾಕು, ಮನುಷ್ಯರು ಮಾಡಿದ ಪದ್ಧತಿಗಳು ಎಲ್ಲೆಡೆಯೂ ಒಂದೇ ಬಗೆಯಾಗಿರಬೇಕಾಗಿಲ್ಲ.

ಹಾಗಾದರೆ, ‘ಇದು ನಮ್ಮ ಪದ್ಧತಿಯಲ್ಲ’ ಎಂದು ತಮಟೆಯನ್ನೋ ಭಜನೆಯನ್ನೋ ಬಾಗಿಲಲ್ಲೇ ತಡೆಯುವ ಹಿರಿಯರ ವಾದಕ್ಕೆ ಆಧಾರವೆಲ್ಲಿ? ಪದ್ಧತಿಯ ಕಾವಲಿಗೆ ಅವರು ಯಾರ ಹೆಸರನ್ನು ಕರೆಯುತ್ತಾರೋ ಆ ಸುಧಾರಕರೇ ಅವರ ಪರವಾಗಿಲ್ಲ. ಹಾಗೆಯೇ, ವೇದಿಕೆಯ ಮೇಲೆ ಐದು ಮಂದಿ ಹಾಡಿ ಕೆಳಗೆ ಇನ್ನೂರು ಮಂದಿ ನೋಡುತ್ತ ನಿಲ್ಲುವುದನ್ನು ಹೊಸತನ ಎನ್ನುವ ಯುವಕರಿಗೂ ಅವರ ಬೆಂಬಲವಿಲ್ಲ. ಗಾಯಕವೃಂದ ಹಾಡುವುದು, ಸಭೆ ಕೇಳುವುದು: ಇದು 1524ಕ್ಕೆ ಹಿಂದಿನ ಪದ್ಧತಿ. ಲತೀನಿನ ಜಾಗದಲ್ಲಿ ಇಂಗ್ಲಿಷ್ ಛಾಯೆಯ ಅನುವಾದಗಳು ಬಂದಿವೆ, ಅಷ್ಟೇ.

ಇಲ್ಲಿಗೆ ನೀವು, ‘ಸರಿ, ನಮ್ಮ ನೆಲದ ರಾಗ, ನಮ್ಮ ನೆಲದ ವಾದ್ಯ ತಂದರಾಯಿತಲ್ಲ’ ಎನ್ನಬಹುದು. ಅಷ್ಟರಿಂದಲೇ ಸಾಕಾಗುವುದಿಲ್ಲ ಎಂಬುದಕ್ಕೆ ನೆರೆಯ ತಂಜಾವೂರು ಸಾಕ್ಷಿ. ಅಲ್ಲಿ ವೇದನಾಯಗಂ ಶಾಸ್ತ್ರಿಗಳು (1774–1864) ಎಂಬ ಮಹಾಕವಿ ಬಾಳಿದರು. ಲೂಥರನ್ ಮಿಷನರಿ ಶ್ವಾರ್ಟ್ಸರ ಶಿಷ್ಯರು. ದೊರೆ ಸರಫೋಜಿಯವರಿಗೆ ಆಪ್ತರು. ಕರ್ನಾಟಕ ಸಂಗೀತದ ರಾಗತಾಳಗಳಲ್ಲಿ ಅವರು ಕ್ರಿಸ್ತನನ್ನು ಹಾಡಿದರು. ಊರ ಜನ ನೋಡಿ ನಲಿಯುತ್ತಿದ್ದ ಕುರವಂಜಿ ಎಂಬ ನೃತ್ಯನಾಟಕ ಪ್ರಕಾರದಲ್ಲಿ ‘ಬೆತ್ಲಹೇಮ್ ಕುರವಂಜಿ’ಯನ್ನು ರಚಿಸಿದರು. ಅವರ ಕೀರ್ತನೆಗಳು ಇಂದಿಗೂ ತಮಿಳು ಸಭೆಗಳಲ್ಲಿ ಹಾಡಲ್ಪಡುತ್ತವೆ. ಸೃಜನಶೀಲ ಆರಾಧನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

1829ರಲ್ಲಿ ಅದೇ ತಂಜಾವೂರಿನಲ್ಲಿ ಹೊಸ ಪೀಳಿಗೆಯ ಮಿಷನರಿಗಳಿಗೂ ಶಾಸ್ತ್ರಿಗಳ ಪಕ್ಷದವರಿಗೂ ದೊಡ್ಡ ವಿವಾದ ನಡೆಯಿತು. ಶಾಸ್ತ್ರಿಗಳ ದೂರುಗಳಲ್ಲಿ ಹಲವು ನ್ಯಾಯವಾದವು. ಆರಾಧನೆಯಿಂದ ತಮಿಳು ಕೀರ್ತನೆಗಳನ್ನು ತೆಗೆದುಹಾಕಿದರು, ಮದುವೆ ಮಸಣಗಳಲ್ಲಿ ಹೂಮಾಲೆಯನ್ನು ನಿಷೇಧಿಸಿದರು, ಜನರಿಗೆ ಬಾಯಿಪಾಠವಾಗಿದ್ದ ಸತ್ಯವೇದದ ಅನುವಾದವನ್ನು ಬಲವಂತವಾಗಿ ಬದಲಾಯಿಸಿದರು ಎಂಬ ಅವರ ಆಕ್ರೋಶವನ್ನು ಇಂದು ನಾವೆಲ್ಲ ಒಪ್ಪುತ್ತೇವೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ದೂರೂ ಇತ್ತು: ಕರ್ತನ ಭೋಜನದಲ್ಲಿ ಮೇಲು ಜಾತಿಯವರನ್ನೂ ಪರಯರನ್ನೂ ಬೆರೆಸುತ್ತಿದ್ದಾರೆ ಎಂಬುದು. ಅಷ್ಟು ಮಧುರವಾದ ಕಂಠ, ಅಷ್ಟು ಆಳವಾದ ಭಕ್ತಿ. ಆದರೂ ಪಾತ್ರೆಯ ಬಳಿಗೆ ಬಂದಾಗ ಜಾತಿ ಅಡ್ಡ ನಿಂತಿತು. ಇತ್ತ ಮಿಷನರಿಗಳು ಒಂದೇ ಪಂಕ್ತಿಗಾಗಿ ಪಟ್ಟು ಹಿಡಿದು, ಜನರ ಹಾಡನ್ನೇ ಕಸಿದುಕೊಂಡರು. ಒಬ್ಬರ ಬಳಿ ಹಾಡಿತ್ತು, ಪಂಕ್ತಿ ಇರಲಿಲ್ಲ. ಇನ್ನೊಬ್ಬರ ಬಳಿ ಪಂಕ್ತಿಯಿತ್ತು, ಹಾಡು ಇರಲಿಲ್ಲ. ಸಭೆ ಎರಡೂ ಕಡೆ ಸೋತಿತು.

ಈ ಕಥೆ ಎರಡು ಶತಮಾನ ಹಳೆಯದು ಎಂದು ಪಕ್ಕಕ್ಕೆ ಸರಿಸುವ ಮುನ್ನ ನಮ್ಮ ಕನ್ನಡ ನಾಡಿಗೆ ಬನ್ನಿ. ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಜಾತಿಯನ್ನು ಉಳಿಸಿಕೊಂಡು ಸಭೆಗೆ ಸೇರುವುದನ್ನು ಅದು ಒಪ್ಪಲಿಲ್ಲ. ದೀಕ್ಷಾಸ್ನಾನ ಪಡೆದವರು ಮನೆ, ಜಮೀನು, ಕುಲಕಸುಬು ಕಳೆದುಕೊಂಡಾಗ ಅವರ ಹೊಟ್ಟೆಗೆ ದಾರಿ ತೋರಿಸುವುದೂ ಸಭೆಯ ಕರ್ತವ್ಯವೆಂದು ಅದು ಅರಿಯಿತು. ನೇಯ್ಗೆಯ ಕಾರ್ಖಾನೆಗಳು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, ಇವು ಹುಟ್ಟಿದ್ದು ಹಾಗೆ. ಕೇವಲ ವ್ಯಾಪಾರವೆಂದು ಅವನ್ನು ನೋಡಿದರೆ ಅರ್ಥವಾಗುವುದಿಲ್ಲ. ಲೈಸ್ನಿಗ್ ಊರಿನ ಪೆಟ್ಟಿಗೆಯ ವಂಶದವು ಅವು.

ಆದರೆ ಅದೇ ಸಭೆಯ ಆರಾಧನೆಯಲ್ಲಿ ಪ್ರಧಾನವಾಗಿ ಮೊಳಗಿದ್ದು ಜರ್ಮನ್ ಧಾಟಿಗಳು, ಕನ್ನಡ ಮಾತುಗಳನ್ನು ಅವುಗಳ ಅಳತೆಗೆ ಕತ್ತರಿಸಿ ಹೊಂದಿಸಿದ ಗೀತೆಗಳು. ಆ ಧಾಟಿಗಳು ಸುಂದರವಾದವು. ಕರಾವಳಿಯ ಸಭೆಗಳು ಅವನ್ನು ಇಂದಿಗೂ ಪ್ರೀತಿಯಿಂದ ಹಾಡುತ್ತವೆ, ಹಾಡಲಿ. ಆದರೆ ಬೇರೊಂದು ದಾರಿಯೂ ತೆರೆದಿತ್ತು. ಹರ್ಮನ್ ಮೋಗ್ಲಿಂಗರು 1850ರಲ್ಲೇ ದಾಸರ ಪದಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ, ಯೇಸುವಿನ ಚರಿತ್ರೆಯನ್ನು ಕನ್ನಡದ ಕಾವ್ಯ ಪರಂಪರೆಯ ಛಂದಸ್ಸಿನಲ್ಲಿ ಹಾಡಬಹುದೆಂದು ತೋರಿಸಿಕೊಟ್ಟರು. 1894ರ ನಿಘಂಟಿಗಾಗಿ ನಾಡು ಅವರನ್ನು ಪೂಜಿಸುತ್ತದೆ. ಬೆಂಗಳೂರಿನಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದೆ. ಆದರೆ ‘ಕಥಾಮಾಲೆ’ಯ ಹೆಸರನ್ನು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ ಬಲ್ಲರು? ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಬೆಳಕಿಗೆ ತಂದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕನ್ನಡವನ್ನು ಇಷ್ಟು ಪ್ರೀತಿಸಿದ ಹಿರಿಯರ ಮಕ್ಕಳಾದ ನಾವು, ದೇವರ ಮುಂದೆ ನಿಂತಾಗ ಮಾತ್ರ ಎರವಲು ಮಾತಿನಲ್ಲಿ ತಡವರಿಸುವುದೇಕೆ?

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ತುಮಕೂರಿನ ಸದಾಶಿವನಗರದಂಥ ಬಡಾವಣೆಯನ್ನು ಮನಸ್ಸಿಗೆ ತಂದುಕೊಳ್ಳಿ. ಗುಬ್ಬಿಯ ಕಡೆಯಿಂದ ಕೆಲಸಕ್ಕೆಂದು ಬಂದ ಕುಟುಂಬ ಒಂದು ಮನೆಯಲ್ಲಿ, ಕುಣಿಗಲ್ಲಿನ ಕಡೆಯಿಂದ ಮಕ್ಕಳ ಓದಿಗೆಂದು ಬಂದ ಕುಟುಂಬ ಇನ್ನೊಂದರಲ್ಲಿ. ವಸಂತನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಭಾನುವಾರ ಬೆಳಿಗ್ಗೆ ಕಣ್ಣು ಮುಚ್ಚುವ ಹುಡುಗ ಮತ್ತೊಂದು ಬಾಡಿಗೆ ಕೋಣೆಯಲ್ಲಿ. ಹಳ್ಳಿಯಲ್ಲಿದ್ದಾಗ ಸಾವಿಗೂ ಹಬ್ಬಕ್ಕೂ ಕರೆಯದೆ ಬರುವ ಜನವಿತ್ತು. ಇಲ್ಲಿ ಗೇಟಿಗೆ ಬೀಗ, ಗೋಡೆಗೆ ಗಾಜಿನ ಚೂರು. ಇಂಥವರಿಗೆ ಭಾನುವಾರದ ಒಂದೂವರೆ ಗಂಟೆ ಏನು ಕೊಡುತ್ತದೆ? ಒಳ್ಳೆಯ ಧ್ವನಿವರ್ಧಕದಲ್ಲಿ ಒಳ್ಳೆಯ ಹಾಡು ಕೇಳಿಸಿ ಮನೆಗೆ ಕಳುಹಿಸಿದರೆ, ಅದನ್ನು ಅವರು ಮೊಬೈಲಿನಲ್ಲಿಯೇ ಕೇಳಬಹುದಾಗಿತ್ತು. 2020ರ ಸಾಂಕ್ರಾಮಿಕದ ತಿಂಗಳುಗಳಲ್ಲಿ ನಮ್ಮ ದೇವಾಲಯಗಳು ಮುಚ್ಚಿದ್ದಾಗ ಎಲ್ಲರೂ ಹಾಗೆಯೇ ಕೇಳಿದೆವು. ಹಾಡಿಗೆ ಆಗ ಕೊರತೆಯಿರಲಿಲ್ಲ. ಮನಸ್ಸು ಹಂಬಲಿಸಿದ್ದು ಪಕ್ಕದಲ್ಲಿ ನಿಲ್ಲುವ ಮನುಷ್ಯನಿಗಾಗಿ.

ಪಂಕ್ತಿಯ ಅರ್ಥವನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ದಿನವೂ ಸಾಲಾಗಿ ಕುಳಿತು ಉಣ್ಣುತ್ತಾರೆ. 2019ರಲ್ಲಿ ಅಗಲಿದ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ನಡೆಸಿದ ಆ ದಾಸೋಹದಲ್ಲಿ ಯಾವ ಜಾತಿ, ಯಾವ ಧರ್ಮ ಎಂದು ಕೇಳಿ ಎಲೆ ಹಾಕಲಿಲ್ಲ. ರೊಟ್ಟಿ ಮುರಿಯುವುದನ್ನೇ ವಿಶ್ವಾಸದ ನಡುಗಂಬವಾಗಿ ಪಡೆದಿರುವ ನಮ್ಮನ್ನು ನೋಡಿ ನೆರೆಯವರು ಏನನ್ನುತ್ತಾರೆ? ಕರ್ತನ ಭೋಜನದಲ್ಲಿ ಒಂದೇ ಪಾತ್ರೆ, ಹೊರಗೆ ಬಂದರೆ ಮದುವೆಗೆ ಜಾತಿ ವಿಚಾರಣೆ. ಒಳಗೆ ಸಹೋದರ, ಅಂಗಳದಲ್ಲಿ ಇಂಥವರ ಗುಂಪು, ಇಂಥವರ ಗುಂಪು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ತೇಗಿ, ದುಡಿದು ತಡವಾಗಿ ಬಂದವರು ಹಸಿದು ನಿಂತಾಗ, ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಖಂಡಿಸಿದನು. ಅಲ್ಲಿ ಅವನು ಹಾಡಿನ ತಾಳ ತಪ್ಪಿದ್ದನ್ನು ಎತ್ತಲಿಲ್ಲ. ಪಂಕ್ತಿ ತಪ್ಪಿದ್ದನ್ನು ಎತ್ತಿದನು. ಪ್ರವಾದಿ ಆಮೋಸನ ಬಾಯಿಂದ ದೇವರು ಹಾಡುಗಳ ಗದ್ದಲವನ್ನು ತನ್ನಿಂದ ದೂರ ಮಾಡಿರೆಂದು ಹೇಳಿದ್ದೂ ನ್ಯಾಯ ಬತ್ತಿಹೋದ ಜನರಿಗೇ.

ಕೆಲವರು ಕೇಳುತ್ತಾರೆ: ‘ಸಮಾಜಸೇವೆ ಬೇರೆ, ಆರಾಧನೆ ಬೇರೆ, ಎರಡನ್ನೂ ಏಕೆ ಬೆರೆಸುತ್ತೀರಿ?’ ಅವರಿಗೆ ದಕ್ಷಿಣ ಭಾರತ ಸಭೆಯ ಅನುಭವವೇ ಉತ್ತರ. 1947ರ ಸೆಪ್ಟೆಂಬರ್ 27ರಂದು ಆ ಸಭೆ ಉದಯಿಸಿತು. 1950ರಲ್ಲಿ ಅದರ ಕರ್ತನ ಭೋಜನದ ಕ್ರಮ ಬಳಕೆಗೆ ಬಂದಾಗ ಲೋಕದ ಸಭೆಗಳೆಲ್ಲ ತಿರುಗಿ ನೋಡಿದವು. ಅದರಲ್ಲಿದ್ದ ಒಂದು ವಿಶೇಷ, ಸಮಾಧಾನದ ವಿನಿಮಯ. ಕೇರಳದ ಸುರಿಯಾನಿ ಕ್ರೈಸ್ತರ ಪರಂಪರೆಯಿಂದ ಬಂದ ಆ ಆಚರಣೆಯಲ್ಲಿ ಸಭಾಪಾಲಕರ ಕೈಯಿಂದ ಹೊರಟ ಸಮಾಧಾನ ಒಬ್ಬರ ಅಂಗೈಯಿಂದ ಇನ್ನೊಬ್ಬರ ಅಂಗೈಗೆ ಸಾಗಿ ಇಡೀ ಸಭೆಯನ್ನು ಮುಟ್ಟುತ್ತದೆ. ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಇಷ್ಟು ಭಾರವಾದ ಅರ್ಥವಿರುವ ನಮ್ಮ ದೇಶದಲ್ಲಿ ಇದು ಬರಿಯ ವಂದನೆಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಭಾರತದ ಸಭೆ ಲೋಕದ ಆರಾಧನೆಗೆ ಕೊಟ್ಟ ಹಿರಿಯ ಕೊಡುಗೆಗಳಲ್ಲಿ ಒಂದು ಈ ಕೈಸ್ಪರ್ಶ. ಅದಕ್ಕೆ ವಿದ್ಯುತ್ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ. ಆದರೆ ಇಂದು ಅದನ್ನು ಹೇಗೆ ನಡೆಸುತ್ತೇವೆ? ಬಲಗಡೆಯ ಹೆಂಡತಿಗೆ, ಎಡಗಡೆಯ ಮಗನಿಗೆ ಕೈಕೊಟ್ಟು, ಹಿಂದಿನ ಬೆಂಚಿನವರಿಗೆ ಮುಗುಳ್ನಕ್ಕು ಕುಳಿತುಬಿಡುತ್ತೇವೆ.

ಹಾಡನ್ನೂ ಪಂಕ್ತಿಯನ್ನೂ ಮತ್ತೆ ಒಂದುಗೂಡಿಸಿದವರೂ ಇದ್ದಾರೆ. ಲೂಥರನ್ ಮತ್ತು ದಕ್ಷಿಣ ಭಾರತ ಸಭೆಗಳು ಜೊತೆಯಾಗಿ ನಡೆಸುವ ಮದುರೆಯ ತಮಿಳುನಾಡು ದೈವಶಾಸ್ತ್ರ ವಿದ್ಯಾಲಯದಲ್ಲಿ ಥಿಯೊಫಿಲಸ್ ಅಪ್ಪಾವು (1940–2005) ಎಂಬ ಗುರುಗಳಿದ್ದರು. ಅವರು ಹಳ್ಳಿಯ ಜನಪದ ಧಾಟಿಗಳಲ್ಲಿ ಇಡೀ ಆರಾಧನಾ ಕ್ರಮವನ್ನೇ ರಚಿಸಿದರು. ಹೀನವೆಂದು ಹೊರಗಿಟ್ಟಿದ್ದ ಪರೈ ವಾದ್ಯದ, ಎಂದರೆ ನಮ್ಮ ತಮಟೆಯ ಸೋದರನ, ಮಾನವನ್ನು ಎತ್ತಿಹಿಡಿದರು. ಅಷ್ಟಕ್ಕೇ ನಿಲ್ಲದೆ, ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಣ್ಣುವುದನ್ನು ತಮ್ಮ ಬೋಧನೆಯ ತಿರುಳಾಗಿ ಮಾಡಿಕೊಂಡರು. ತಂಜಾವೂರಿನಲ್ಲಿ 1829ರಲ್ಲಿ ಮುರಿದುಬಿದ್ದದ್ದನ್ನು ಮದುರೆಯಲ್ಲಿ ಒಬ್ಬರು ಹೀಗೆ ಬೆಸೆದರು. ಲೂಥರನ್ ಲೋಕ ಒಕ್ಕೂಟ 1996ರಲ್ಲಿ ಹೊರಡಿಸಿದ ನೈರೋಬಿ ಹೇಳಿಕೆಯೂ ಇದೇ ದಿಕ್ಕಿಗೆ ಬೆರಳು ಮಾಡುತ್ತದೆ: ಆರಾಧನೆ ನೆಲದ ಸಂಸ್ಕೃತಿಯಲ್ಲಿ ಬೇರು ಬಿಡಬೇಕು, ಆ ಸಂಸ್ಕೃತಿಯಲ್ಲಿ ಸುವಾರ್ತೆಗೆ ವಿರುದ್ಧವಾದದ್ದನ್ನು ಎದುರಿಸಬೇಕು. ತಮಟೆ ನಮ್ಮ ಸಂಸ್ಕೃತಿ, ಜಾತಿಯೂ ನಮ್ಮ ಸಂಸ್ಕೃತಿ. ಮೊದಲನೆಯದನ್ನು ಒಳಗೆ ಕರೆದು ಎರಡನೆಯದನ್ನು ಹೊರಗೆ ಹಾಕುವ ಬದಲು, ನಾವು ಹಲವು ಕಡೆ ಇದಕ್ಕೆ ತಲೆಕೆಳಗಾಗಿ ನಡೆದುಕೊಂಡಿದ್ದೇವೆ.

ಯುವಕರ ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ‘ವಾದ್ಯವೃಂದವಿಲ್ಲದಿದ್ದರೆ ನಮ್ಮ ವಯಸ್ಸಿನವರು ಬೇರೆ ಕೂಟಗಳಿಗೆ ಹೋಗಿಬಿಡುತ್ತಾರೆ’ ಎನ್ನುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಹೋದವರನ್ನು ಕೇಳಿ ನೋಡಿ. ಅಲ್ಲಿ ಯಾರೋ ಒಬ್ಬರು ಬುಧವಾರ ಫೋನು ಮಾಡಿ ಪರೀಕ್ಷೆ ಹೇಗಾಯಿತೆಂದು ಕೇಳಿರುತ್ತಾರೆ. ಕೆಲಸ ಹೋದಾಗ ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿರುತ್ತಾರೆ. ಸಂಗೀತಕ್ಕೆ ಮಾರುಹೋದವನು ಇದಕ್ಕಿಂತ ಒಳ್ಳೆಯ ಸಂಗೀತ ಸಿಕ್ಕಿದ ಕಡೆಗೆ ಮತ್ತೆ ಹೊರಡುತ್ತಾನೆ. ತನ್ನನ್ನು ಹೆಸರಿಡಿದು ಕರೆಯುವ ಸಭೆಯನ್ನು ಬಿಟ್ಟುಹೋಗುವುದು ಕಷ್ಟ. ಕೀಬೋರ್ಡು ಇರಲಿ, ಯಾರೂ ಬೇಡವೆನ್ನುವುದಿಲ್ಲ. ಅದು ಸಭೆಯ ಕಂಠ ಮೇಲೇಳಲು ಊರೆಗೋಲಾಗಲಿ, ಆ ಕಂಠವನ್ನು ಮುಳುಗಿಸುವ ನೆರೆಯಾಗದಿರಲಿ. ಓದುಬಾರದ ಅಜ್ಜಿಗೆ ಅರ್ಥವಾಗದೆ ‘ಆಮೆನ್’ ಹೇಳಲಾಗದ ಪ್ರಾರ್ಥನೆ ಎಷ್ಟು ಚೆನ್ನಾಗಿದ್ದರೇನು ಎಂಬ ಪ್ರಶ್ನೆಯನ್ನು ಪೌಲನು ಆಗಲೇ ಕೇಳಿದ್ದಾನೆ. ಪರದೆಯ ಮೇಲಿನ ಅಕ್ಷರ ಓದಲಾಗದವಳಿಗೆ ಹಾಡು ಮುಚ್ಚಿದ ಬಾಗಿಲು. ಒಬ್ಬರು ಹೇಳಿಕೊಟ್ಟು ಎಲ್ಲರೂ ದನಿಗೂಡಿಸುವ ನಮ್ಮ ಭಜನೆಯ ಕ್ರಮದಲ್ಲಿ ಅವಳೇ ಮುಂದಿನ ಸಾಲಿನವಳು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆ ಬೇಕಿಲ್ಲ. ನಿಮ್ಮ ಸಭೆಯ ಮುಂದಿನ ಕೂಟದಲ್ಲಿ ಈ ನಾಲ್ಕು ಮಾತುಗಳನ್ನು ಮಂಡಿಸಿ.

ಮೊದಲನೆಯದು, ಸುಗ್ಗಿ ಹಬ್ಬದ ಹರಾಜು. ಬಡವಳು ಸೆರಗಿನಲ್ಲಿ ಕಟ್ಟಿ ತಂದ ರಾಗಿಯನ್ನು, ತೋಟದವರು ತಂದ ತೆಂಗಿನಕಾಯಿಯನ್ನು ಕೂಗಿ ಕೂಗಿ ಮಾರಿ, ಹೆಚ್ಚು ಬೆಲೆ ಕೊಟ್ಟವರ ಹೆಸರಿಗೆ ಚಪ್ಪಾಳೆ ತಟ್ಟುವ ಪದ್ಧತಿ ಅನೇಕ ಕಡೆ ಇದೆ. ಒಂದು ವರ್ಷ ಅದನ್ನು ನಿಲ್ಲಿಸಿ ನೋಡಿ. ಬಂದ ರಾಗಿ, ಅವರೆ, ತೆಂಗು ಎಲ್ಲವನ್ನೂ ಅಂಗಳದಲ್ಲೇ ಒಟ್ಟಿಗೆ ಬೇಯಿಸಿ. ಅಡುಗೆಗೆ ಒಂದೇ ಮನೆತನದವರನ್ನು ನೇಮಿಸಬೇಡಿ. ಬಡಿಸುವ ಸೌಟು ಸಭಾಸಮಿತಿಯವರ ಕೈಯಲ್ಲಿರಲಿ. ದೇವಾಲಯದ ಕಸ ಗುಡಿಸುವವರ ಎಲೆ ಮೊದಲ ಸಾಲಿನಲ್ಲಿರಲಿ.

ಎರಡನೆಯದು, ಪೆಟ್ಟಿಗೆ. ಕಾಣಿಕೆಯ ಒಂದು ಭಾಗವನ್ನು ಸಭೆಯೊಳಗಿನ ಸಂಕಟಗಳಿಗೆ ಮೀಸಲಿಡಿ; ಅದರ ನಿರ್ಧಾರದಲ್ಲಿ ದಿನಗೂಲಿಯವರಿಗೂ ಒಂದು ಬೀಗದ ಕೈ ಕೊಡಿ. ಪಡೆದವರ ಹೆಸರನ್ನು ಗುಟ್ಟಾಗಿಡಿ, ಲೆಕ್ಕವನ್ನು ಬಹಿರಂಗವಾಗಿ ಓದಿ. ಜರ್ಮನಿಯ ಒಂದು ಪುಟ್ಟ ಊರು ಐನೂರು ವರ್ಷಗಳ ಹಿಂದೆ ಕಾಗದದ ಮೇಲೆ ಬರೆದದ್ದು ನಮ್ಮಲ್ಲಿ ಇನ್ನೂ ಹೊಸ ವಿಚಾರವಾಗಿರುವುದು ನಾಚಿಕೆಯ ಸಂಗತಿ.

ಮೂರನೆಯದು, ಹಾಡು. ತಿಂಗಳಿಗೊಂದು ಭಾನುವಾರ ಧ್ವನಿವರ್ಧಕವನ್ನು ಆರಿಸಿ, ಸಭೆ ತನ್ನದೇ ಕಂಠದಲ್ಲಿ ಹಾಡಲಿ. ಹಳೆಯ ಧಾಟಿಯ ಒಂದು ಗೀತೆ, ಹೇಳಿಕೊಟ್ಟು ಹಾಡುವ ಒಂದು ಭಜನೆ, ಸಭೆಯಲ್ಲೇ ಹುಟ್ಟಿದ ಒಂದು ಹೊಸ ಹಾಡು, ಮೂರೂ ಇರಲಿ. 1884ರಲ್ಲಿ ನಾಟಕ ಕಂಪನಿಯೊಂದನ್ನು ಹುಟ್ಟಿಸಿ, ಗುಬ್ಬಿ ವೀರಣ್ಣನವರ ಮೂಲಕ ಇಡೀ ನಾಡಿಗೆ ರಂಗಭೂಮಿಯ ರುಚಿ ಹತ್ತಿಸಿದ್ದು ನಮ್ಮ ಗುಬ್ಬಿ. ಜನಪದರ ನಾಲಗೆಯ ಮೇಲೆ ಕೆರೆಯೊಂದನ್ನು ಅಮರವಾಗಿಸಿದ್ದು ನಮ್ಮ ಕುಣಿಗಲ್ಲು. ಇಂಥ ಸೀಮೆಯ ಕ್ರೈಸ್ತರಿಗೆ ಶುಭ ಶುಕ್ರವಾರದ ಕಥೆಯನ್ನು ತಮ್ಮ ಮಾತಿನಲ್ಲಿ ಆಡಿ ತೋರಿಸಲು, ಸೋಬಾನೆಯ ಧಾಟಿಯಲ್ಲಿ ಮರಿಯಳ ಸಂತೋಷವನ್ನು ಹಾಡಲು ಬರುವುದಿಲ್ಲವೆಂದರೆ ಯಾರು ನಂಬುತ್ತಾರೆ?

ನಾಲ್ಕನೆಯದು, ಕೈ. ಸಮಾಧಾನವನ್ನು ಹಂಚುವಾಗ ನಿಮ್ಮ ಬೆಂಚನ್ನು ಬಿಟ್ಟು ಎದ್ದುಹೋಗಿ. ಇದುವರೆಗೆ ಮಾತನಾಡಿಸದ ಒಬ್ಬರ ಕೈ ಹಿಡಿಯಿರಿ. ಅವರ ಮನೆ ಎಲ್ಲಿದೆಯೆಂದು ಕೇಳಿ. ಆ ವಾರದೊಳಗೆ ಅಲ್ಲಿಗೆ ಹೋಗಿ, ಅವರು ಕೊಟ್ಟದ್ದನ್ನು ಕುಡಿದು ಬನ್ನಿ.

ಈ ನಾಲ್ಕರಲ್ಲಿ ಯಾವುದು ಕಷ್ಟ ಎಂದು ಪ್ರಾಮಾಣಿಕವಾಗಿ ಯೋಚಿಸಿ. ಹೊಸ ಹಾಡು ಕಲಿಯುವುದು ಕಷ್ಟವೇನಲ್ಲ. ಕಷ್ಟವಾದದ್ದು ಇನ್ನೊಬ್ಬರ ಮನೆಯ ಲೋಟ. ಆದುದರಿಂದಲೇ ನಾವು ವಾದ್ಯಗಳ ಬಗ್ಗೆ ಇಷ್ಟು ಉತ್ಸಾಹದಿಂದ ಜಗಳವಾಡುತ್ತೇವೆ. ಆ ಜಗಳ ನಮ್ಮನ್ನು ಲೋಟದ ಪ್ರಶ್ನೆಯಿಂದ ಕಾಪಾಡುತ್ತದೆ.

ಮುಂದಿನ ಭಾನುವಾರ ಸಭಾಪಾಲಕರು ರೊಟ್ಟಿಯನ್ನು ಮುರಿಯುವಾಗ, ಯಾರ ಜೊತೆ ಅದನ್ನು ಹಂಚಿಕೊಳ್ಳುತ್ತಿದ್ದೀರೆಂದು ತಲೆಯೆತ್ತಿ ನೋಡಿ. ಆ ಮುಖಗಳಲ್ಲಿ ಒಂದನ್ನಾದರೂ ನಿಮ್ಮ ಮನೆಯ ಊಟದ ಸಾಲಿನಲ್ಲಿ ಕಾಣುವ ದಿನ, ನಿಮ್ಮ ಸಭೆಯ ಆರಾಧನೆ ಸೃಜನಶೀಲವಾಗಿದೆಯೇ ಎಂದು ಯಾರೂ ಕೇಳಬೇಕಾಗಿರುವುದಿಲ್ಲ.